ದಿಬ್ಬ ಉಳಿಯಲಿ, ಸ್ಲ್ಯಾಬು ಪರೀಕ್ಷೆಗೆ ಬರಲಿ

ಪ್ರಶ್ನೆ: ಬೆಳಗಾವಿಯ ನಮ್ಮ ಭಾಗದ ಫುಟ್‌ಬಾಲ್ ಮೈದಾನಕ್ಕೆ ಅರವತ್ತು ವರ್ಷ ದಾಟಿದೆ. ಪೂರ್ವಕ್ಕೆ ಮಣ್ಣಿನ ದಿಬ್ಬದ ಮೇಲೆ ಕೆಂಪು ಕಲ್ಲಿನ ಒಂಬತ್ತು ಮೆಟ್ಟಿಲುಗಳಿವೆ. ಪಶ್ಚಿಮಕ್ಕೆ ಕಾಂಕ್ರೀಟಿನ ಗ್ಯಾಲರಿ, ಅದರಡಿ ಸಾಮಾನು ಕೋಣೆಗಳು. ಮೂಲೆಯಲ್ಲಿ ಹೆಂಚಿನ ಪೆವಿಲಿಯನ್. ಹಿರಿಯ ಆಟಗಾರರು ಒಂದು ಕಲ್ಲನ್ನೂ ಅಲುಗಿಸಬಾರದು ಎನ್ನುತ್ತಾರೆ. ಪಶ್ಚಿಮದ ಗ್ಯಾಲರಿಯ ಮೇಲೆ ಅವರಿಗೆ ಹೆಚ್ಚು ಮಮತೆ, ದಾನಿಗಳ ಹೆಸರಿನ ಕಲ್ಲು ಅಲ್ಲಿದೆ. ಹುಡುಗರು ಎಲ್ಲವನ್ನೂ ಕೆಡವಿ ಕೃತಕ ಹುಲ್ಲು, ದೀಪ, ಪ್ಲಾಸ್ಟಿಕ್ ಕುರ್ಚಿ, ಸುತ್ತಲೂ ಓಟದ ಪಥ ಬೇಕು ಎನ್ನುತ್ತಾರೆ. ಸಮಿತಿಯ ಕಾರ್ಯದರ್ಶಿಯಾಗಿ ನಾನು ಯಾರ ಮಾತು ಕೇಳಲಿ? ಹಳೆಯ ಮರದ ಗೋಲ್ ಕಂಬಗಳನ್ನು ಏನು ಮಾಡಬೇಕು ಎಂಬುದಕ್ಕೂ ಜಗಳ ನಡೆದಿದೆ.

ಉತ್ತರ: ನೀವು ಕಳಿಸಿದ ಚಿತ್ರಗಳನ್ನೂ ಅಳತೆಗಳನ್ನೂ ಎರಡು ಸಲ ನೋಡಿದೆ. ನಿಮ್ಮ ಹಿರಿಯರು ಉಳಿಸಲು ಹೊರಟಿರುವುದು ಆ ಮೈದಾನದಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗವನ್ನು. ಹುಡುಗರು ಮೊದಲು ಕೆಡವಲು ಹೊರಟಿರುವುದು ಎಲ್ಲಕ್ಕಿಂತ ಗಟ್ಟಿಯಾದ ಭಾಗವನ್ನು. ಇಬ್ಬರಿಗೂ ಬೇಸರವಾಗುವ ಉತ್ತರವಿದು. ಅಳತೆಗಳು ಹೇಳುವುದು ಮಾತ್ರ ಇದನ್ನೇ.

ಗಟ್ಟಿಯಾದ ಭಾಗವೆಂದರೆ ನಿಮ್ಮ ಪೂರ್ವದ ದಿಬ್ಬ. ಅದನ್ನು ಯಾರೂ ಪರಂಪರೆ ಎಂದು ಕರೆಯುವುದಿಲ್ಲ, ಅದರ ಮೇಲೆ ಯಾರ ಹೆಸರೂ ಇಲ್ಲ. 1902ರ ಏಪ್ರಿಲ್ 5ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ ನಡೆಯುವಾಗ ಮರದ ಅಟ್ಟಣಿಗೆಯ ಮೆಟ್ಟಿಲುಗಳು ಮುರಿದು ಬಿದ್ದು 25 ಮಂದಿ ಸತ್ತರು. ಆ ಮೈದಾನದ ವಿನ್ಯಾಸ ಆರ್ಚಿಬಾಲ್ಡ್ ಲೀಚ್ ಎಂಬ ಎಂಜಿನಿಯರನದು. ಅಂಥ ಅಪಘಾತದ ನಂತರ ಬೇರೆಯವರಾಗಿದ್ದರೆ ವೃತ್ತಿಯನ್ನೇ ಬಿಡುತ್ತಿದ್ದರು. ಲೀಚ್ ಬಿಡಲಿಲ್ಲ. ನಿಂತು ನೋಡುವ ಜನರ ಭಾರವನ್ನು ಗಾಳಿಯಲ್ಲಿ ತೂಗಾಡುವ ಹಲಗೆಗಳ ಮೇಲೆ ಹಾಕುವುದನ್ನು ಬಿಟ್ಟು, ಮಣ್ಣಿನ ದಿಬ್ಬ ಕಟ್ಟಿ ಅದರ ಮೇಲೆ ಮೆಟ್ಟಿಲು ಕೂರಿಸುವ ಕ್ರಮಕ್ಕೆ ಬಂದ. ಬ್ರಿಟನ್ನಿನ ಎಷ್ಟೋ ಹಳೆಯ ಮೈದಾನಗಳು ಮುಂದೆ ಹಾಗೆಯೇ ಬೆಳೆದವು. ಮಣ್ಣು ಕುಸಿಯುವ ಮುನ್ನ ಸಾಮಾನ್ಯವಾಗಿ ಬಿರುಕು ಬಿಟ್ಟು, ಕಲ್ಲು ವಾಲಿಸಿ ಮುನ್ಸೂಚನೆ ಕೊಡುತ್ತದೆ. ನಿಮ್ಮ ದಿಬ್ಬ ಅದೇ ಜಾತಿಯದು. ಕಟ್ಟಿದ ಗೌಂಡಿಗೆ ಲೀಚ್ ಯಾರೆಂದು ಗೊತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ನೀವು ಕೊಟ್ಟ ಅಳತೆ: ಮೆಟ್ಟಿಲಿನ ಎತ್ತರ 35 ಸೆಂ.ಮೀ., ಅಗಲ 75 ಸೆಂ.ಮೀ., ಮೊದಲ ಸಾಲಿನಿಂದ ಅಂಕಣದ ಅಂಚಿನ ಗೆರೆಗೆ 5 ಮೀಟರ್. ಕ್ರೀಡಾಂಗಣದ ಲೆಕ್ಕದಲ್ಲಿ ನಾವು ಮೊದಲು ನೋಡುವುದು, ಹಿಂದೆ ಕುಳಿತವನ ದೃಷ್ಟಿ ಮುಂದೆ ಕುಳಿತವನ ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೇಲೆ ಹಾದು ಗೆರೆಯನ್ನು ಮುಟ್ಟುತ್ತದೆ ಎಂಬುದನ್ನು. 9 ಸೆಂ.ಮೀ. ಸಿಕ್ಕರೆ ಚೆನ್ನ, 6ಕ್ಕಿಂತ ಕಡಿಮೆಯಾದರೆ ಜನ ಎದ್ದು ನಿಲ್ಲತೊಡಗುತ್ತಾರೆ. ನಿಮ್ಮಲ್ಲಿ ಎರಡನೆಯ ಸಾಲಿಗೆ ಸುಮಾರು 15, ಒಂಬತ್ತನೆಯ ಸಾಲಿಗೆ 8 ಸೆಂ.ಮೀ. ಬರುತ್ತದೆ. ಸೂತ್ರವಿಲ್ಲದೆ, ಕಣ್ಣಳತೆಯಲ್ಲಿ ಕಟ್ಟಿದ್ದಕ್ಕೆ ಇದು ಬಹಳ ಒಳ್ಳೆಯ ಫಲ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನವನ್ನು ನೀವು ನೋಡಿರುತ್ತೀರಿ. ನಡುವೆ ಕಣ, ಸುತ್ತ ಬಟ್ಟಲಿನಂತೆ ಏರುವ ನೆಲ, ಎಲ್ಲಿ ಕುಳಿತರೂ ಪಟ್ಟು ಕಾಣುತ್ತದೆ. ನಮ್ಮ ಕಡೆ ಈ ತಿಳಿವಳಿಕೆ ಕುಸ್ತಿಯಿಂದ ಬಂದಿರಬೇಕು ಎಂಬುದು ನನ್ನ ಊಹೆ. ಕೊಲ್ಹಾಪುರದಲ್ಲಂತೂ ಫುಟ್‌ಬಾಲ್ ಸಂಘಗಳ ಹೆಸರುಗಳಲ್ಲೇ ತಾಲೀಮು, ಅಂದರೆ ಗರಡಿಮನೆ, ಉಳಿದಿದೆ: ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು.

ಹುಡುಗರ ನಕ್ಷೆಯಲ್ಲಿ ದಿಬ್ಬವನ್ನು ಇಪ್ಪತ್ತು ಸಾಲಿಗೆ ಏರಿಸುವ ಇನ್ನೊಂದು ಆಲೋಚನೆಯೂ ಕಾಣುತ್ತದೆ. ಇದೇ ಇಳಿಜಾರಿನಲ್ಲಿ ಮುಂದುವರಿಸಿದರೆ ಹದಿನೈದನೆಯ ಸಾಲಿಗೆ ಬರುವಷ್ಟರಲ್ಲಿ ಲೆಕ್ಕ 6 ಸೆಂ.ಮೀ.ಗಿಂತ ಕೆಳಗಿಳಿಯುತ್ತದೆ. ಮೇಲೆ ಹೋದಂತೆ ಮೆಟ್ಟಿಲು ಕಡಿದಾಗಬೇಕು. ನಾಲ್ಕು ಸಾಲು ಸೇರಿಸುವುದಾದರೆ ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ.

ದಿಬ್ಬಕ್ಕೆ ಬೇಕಾದ ದುರಸ್ತಿ ಅಗ್ಗದ್ದು. ಮೇಲ್ತುದಿಯಲ್ಲಿ ಮಳೆನೀರು ಹಿಡಿಯುವ ಕಾಲುವೆ, ಬುಡದಲ್ಲಿ ಹಾಸುಗಲ್ಲಿನ ಚರಂಡಿ, ವಾಲಿದ ಕಲ್ಲುಗಳನ್ನು ಎತ್ತಿ ಸುಣ್ಣದ ಗಾರೆಯಲ್ಲಿ ಮತ್ತೆ ಕೂರಿಸುವುದು, ಇಷ್ಟೇ. ಮೇಲೆ ಸಿಮೆಂಟಿನ ಗಿಲಾವು ಹಚ್ಚಿಸಬೇಡಿ. ಕೆಂಪು ಕಲ್ಲು ನೀರು ಕುಡಿಯುತ್ತದೆ, ಆಮೇಲೆ ಉಸಿರಾಡಿ ಒಣಗುತ್ತದೆ. ಸಿಮೆಂಟು ಆ ಉಸಿರನ್ನು ಕಟ್ಟುತ್ತದೆ. ಒಳಗೇ ನಿಂತ ತೇವ ಕಲ್ಲನ್ನು ಪುಡಿ ಮಾಡುತ್ತದೆ, ಹೊರಗೆ ಗಿಲಾವು ಮಾತ್ರ ನುಣ್ಣಗೆ ನಿಂತಿರುತ್ತದೆ. ಬೆಳಗಾವಿಯಷ್ಟು ಮಳೆ ಬೀಳುವ ಊರಿನಲ್ಲಿ ಹೀಗೆ ಹಾಳಾದ ಹಳೆಯ ಗೋಡೆಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಈಗ ಪಶ್ಚಿಮದ ಗ್ಯಾಲರಿ. ಚಿತ್ರದಲ್ಲಿ ಸ್ಲ್ಯಾಬಿನ ತಳಭಾಗದಲ್ಲಿ ಕಂದು ಗೆರೆಗಳಿವೆ. ಎರಡು ಕಡೆ ಕಾಂಕ್ರೀಟು ಉದುರಿ ಸರಳು ಹೊರಗೆ ಬಂದಿದೆ. ಯಾರೋ ಅದರ ಮೇಲೆ ಹಳದಿ ಬಣ್ಣ ಬಳಿದಿದ್ದಾರೆ. (ನಮ್ಮಲ್ಲಿ ಪ್ರತಿ ನವೀಕರಣವೂ ಬಣ್ಣದಿಂದ ಶುರುವಾಗುತ್ತದೆ, ಬಹುಪಾಲು ಬಣ್ಣದಲ್ಲೇ ಮುಗಿಯುತ್ತದೆ.) ಹೊಸ ಕಾಂಕ್ರೀಟು ಕ್ಷಾರಗುಣದ್ದು, ಆ ಕ್ಷಾರವೇ ಒಳಗಿನ ಕಬ್ಬಿಣಕ್ಕೆ ಕಾವಲು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷಕ್ಕೆ ಒಳಗೆ ಇಳಿದು ಆ ಕ್ಷಾರವನ್ನು ತಿನ್ನುತ್ತದೆ. ಅದು ಸರಳಿನ ಆಳ ಮುಟ್ಟಿದ ಮೇಲೆ ನೀರು ಸಿಕ್ಕಿದರೆ ಸಾಕು, ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ನೀವು ನೋಡುತ್ತಿರುವುದು ಅದನ್ನೇ. ಅರವತ್ತು ವರ್ಷದ ಹಿಂದೆ ಸರಳಿನ ಮೇಲೆ ಬಿಡುತ್ತಿದ್ದ ಹೊದಿಕೆ ಇಂದಿನದಕ್ಕಿಂತ ತೆಳು, ಜಲ್ಲಿ ಕಲಸುತ್ತಿದ್ದುದು ಕೈಯಲ್ಲಿ.

ಇದನ್ನು ಕೆಡವಬೇಕು ಎಂದು ಚಿತ್ರ ನೋಡಿ ಹೇಳುವುದು ಸರಿಯಲ್ಲ. ಪರೀಕ್ಷೆ ಮಾಡಿಸಿ. ಗುತ್ತಿಗೆದಾರರಿಂದ ಬೇಡ, ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಿಂದ ಅಥವಾ ಮಾನ್ಯತೆ ಪಡೆದ ಪ್ರಯೋಗಾಲಯದಿಂದ. ಬೆಳಗಾವಿಯಲ್ಲಿ ಇವಕ್ಕೆ ಬರವಿಲ್ಲ. ಮೇಲ್ಮೈಗೆ ಸುತ್ತಿಗೆಯ ಪರೀಕ್ಷೆ, ಒಳಗಿನ ಪೊಳ್ಳು ತಿಳಿಯಲು ಶ್ರವಣಾತೀತ ಅಲೆಗಳ ಪರೀಕ್ಷೆ, ಕೆಲವು ಕಡೆ ಕಾಂಕ್ರೀಟಿನ ಉರುಳೆ ಕೊರೆದು ಒತ್ತಿ ನೋಡುವುದು ಬೇಕು. ಇವುಗಳ ಜೊತೆಗೆ ಫಿನಾಲ್ಫ್‌ಥಲೀನ್ ದ್ರಾವಣವನ್ನು ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಲು ಹೇಳಿ, ಆಗ ನೀವೂ ಹಿರಿಯರನ್ನು ಕರೆದುಕೊಂಡು ಎದುರಿಗೆ ನಿಲ್ಲಿ. ಕಾವಲು ಇನ್ನೂ ಇರುವ ಕಡೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕಾವಲು ಹೋದ ಕಡೆ ಬಣ್ಣವೇ ಬರುವುದಿಲ್ಲ. ನೂರು ಪುಟದ ವರದಿಗೆ ಒಪ್ಪದ ಹಿರಿಯರೊಬ್ಬರು ಸರಳಿನ ಸುತ್ತ ಬಣ್ಣ ಬರದ ಕಾಂಕ್ರೀಟನ್ನು ನೋಡಿ ಒಪ್ಪಿದ್ದನ್ನು ನಾನು ಕಂಡಿದ್ದೇನೆ.

ವರದಿ ಬರುವವರೆಗೆ ಆ ಗ್ಯಾಲರಿಯ ಮೇಲೆ ಜನರನ್ನು ಹತ್ತಿಸಬೇಡಿ, ಅದರಡಿಯ ಕೋಣೆಗಳನ್ನೂ ಬಳಸಬೇಡಿ. ಕುರ್ಚಿ ಜೋಡಿಸದ ಗ್ಯಾಲರಿಗೆ ನಮ್ಮ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಹಿಡಿಯಬೇಕು. ಗೋಲ್ ಬಿದ್ದ ಕ್ಷಣ ಜನ ಒಟ್ಟಿಗೆ ಹಾರುತ್ತಾರೆ, ಆ ಕುಣಿತ ಬೇರೆ. ಖಾಲಿ ಗ್ಯಾಲರಿ ಅರವತ್ತು ವರ್ಷ ನಿಂತಿದೆ ಎಂಬುದು ತುಂಬಿದ ಗ್ಯಾಲರಿ ನಿಲ್ಲುತ್ತದೆ ಎಂಬುದಕ್ಕೆ ಸಾಕ್ಷಿಯಾಗದು.

ಫಲಿತಾಂಶ ಕೆಟ್ಟದಾಗಿದ್ದರೆ ಕೆಡವಿ. ದಾನಿಗಳ ಹೆಸರಿನ ಕಲ್ಲನ್ನು ಮೊದಲೇ ಬಿಡಿಸಿ ಪೆವಿಲಿಯನ್ನಿನ ಗೋಡೆಗೆ ಕೂರಿಸಿ. ಆ ದಿನ ಒಂದು ಪಂದ್ಯ ಆಡಿಸಿ, ದಾನಿಗಳ ಮನೆಯವರನ್ನು ಕರೆಯಿರಿ. ಇದು ಉಪಚಾರಕ್ಕೆ ಹೇಳುವ ಮಾತಲ್ಲ. ಲಂಡನ್ನಿನ ವೆಂಬ್ಲಿಯ ಅವಳಿ ಗೋಪುರಗಳನ್ನು 2003ರಲ್ಲಿ ಕೆಡವಿದಾಗ ಜನ ಅತ್ತರು, ಆದರೆ 2007ರಲ್ಲಿ ತೆರೆದ ಹೊಸ ಕ್ರೀಡಾಂಗಣವನ್ನು ವೆಂಬ್ಲಿ ಎಂದೇ ಕರೆದರು. ಉಳಿಸುವುದು ಸಾಧ್ಯವಿದ್ದ ಕಡೆ ಉಳಿಸಿದ್ದಾರೆ ಕೂಡ. ಅದೇ ಐಬ್ರಾಕ್ಸಿನಲ್ಲಿ 1971ರ ಜನವರಿ 2ರಂದು ಇನ್ನೊಮ್ಮೆ ದುರಂತವಾಗಿ, ಹೊರಹೋಗುವ ಮೆಟ್ಟಿಲಲ್ಲಿ 66 ಮಂದಿ ಸತ್ತ ಮೇಲೆ, ಉಳಿದ ಮೂರೂ ಕಡೆಯನ್ನು ಹೊಸದಾಗಿ ಕಟ್ಟಿದರು. ಲೀಚ್‌ನ ಕೆಂಪು ಇಟ್ಟಿಗೆಯ ಮುಖ್ಯ ಕಟ್ಟಡವನ್ನು ಮಾತ್ರ ಇಟ್ಟುಕೊಂಡರು. 1990ರ ದಶಕದ ಆರಂಭದಲ್ಲಿ ಅದರ ಮೇಲೆ ಮೂರನೆಯ ಅಂತಸ್ತನ್ನೂ ತಂದರು. ಲಂಡನ್ನಿನ ಕ್ರೇವನ್ ಕಾಟೇಜಿನಲ್ಲಿ ಅವನ 1905ರ ಸ್ಟ್ಯಾಂಡ್ ಇಂದಿಗೂ ಬಳಕೆಯಲ್ಲಿದೆ, ಅದು ಸಂರಕ್ಷಿತ ಕಟ್ಟಡ.

ನಿಮ್ಮ ಪೆವಿಲಿಯನ್ನನ್ನು ಹಾಗೆಯೇ ಉಳಿಸಿಕೊಳ್ಳಿ, ಆದರೆ ಅದರ ಹೊಟ್ಟೆ ಸ್ವಚ್ಛ ಮಾಡಿ. ಚಿತ್ರದಲ್ಲಿ ಅಟ್ಟದ ಮೇಲೆ ಹರಿದ ಬಲೆಗಳು, ಫ್ಲೆಕ್ಸ್ ಬ್ಯಾನರುಗಳು, ಗಣೇಶೋತ್ಸವದ ಮಂಟಪದ ಬಟ್ಟೆ, ನಡುವೆ ಸುತ್ತಿಬಿದ್ದ ಹಳೆಯ ವಿದ್ಯುತ್ ತಂತಿ ಕಾಣುತ್ತವೆ. 1985ರ ಮೇ 11ರಂದು ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಮರದ ಸ್ಟ್ಯಾಂಡಿನ ಹಲಗೆಗಳ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದ ಕಸಕ್ಕೆ ಕಿಡಿ ತಗುಲಿತು. ನಾಲ್ಕೈದು ನಿಮಿಷದಲ್ಲಿ ಸ್ಟ್ಯಾಂಡ್ ಪೂರ್ತಿ ಉರಿಯಿತು, 56 ಮಂದಿ ಸತ್ತರು. ಹಿಂಬದಿಯ ಬಾಗಿಲುಗಳಿಗೆ ಬೀಗವಿತ್ತು. ಆ ಬೇಸಿಗೆಯಲ್ಲೇ ಸ್ಟ್ಯಾಂಡಿನ ನವೀಕರಣ ನಡೆಯಬೇಕಿತ್ತು. ಇಷ್ಟು ದೂರ ಹೋಗುವುದೇ ಬೇಡ. ಖಾಸಬಾಗಿಗೆ ಅಂಟಿಕೊಂಡೇ ಇರುವ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ತುತ್ತಾಯಿತು. ಶತಮಾನ ಕಂಡ ರಂಗಮಂದಿರ ಒಂದೇ ರಾತ್ರಿಯಲ್ಲಿ ಹೋಯಿತು. ಪೆವಿಲಿಯನ್ನಿಗೆ ಹೊಸ ತಂತಿ ಎಳೆಸಿ, ಅಟ್ಟ ಖಾಲಿ ಮಾಡಿಸಿ, ತೊಲೆ ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ ನೋಡಿ. ಒಡೆದ ಹೆಂಚಿಗೆ ತಗಡು ಹೊದಿಸುವ ಅಭ್ಯಾಸ ಬಿಡಿ. ಖಾನಾಪುರದ ಕಡೆ ಕೆಡವಿದ ಹಳೆಯ ಮನೆಗಳ ಹೆಂಚು ಸಿಗುತ್ತದೆ. ಮೆಟ್ಟಿಲಿನ ಪಕ್ಕಕ್ಕೆ ಗಾಲಿಕುರ್ಚಿ ಏರುವ ಇಳಿಜಾರು ಮಾಡಿಸಿ, ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಸಾರ್ವಜನಿಕ ಜಾಗದಲ್ಲಿ ಇಂಥ ಸೌಕರ್ಯ ಹಕ್ಕಿನ ಮಾತು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಹಿರಿಯ ಆಟಗಾರರಲ್ಲಿ ಎಷ್ಟು ಮಂದಿಯ ಮೊಣಕಾಲು ಈಗ ಮೆಟ್ಟಿಲು ಹತ್ತಬಲ್ಲವು?

ಹಣ ಬಂದರೆ ಎಲ್ಲಕ್ಕಿಂತ ಮೊದಲು ಎಲ್ಲಿ ಸುರಿಯಬೇಕು ಎಂದು ನೀವು ಕೇಳಿಲ್ಲ. ನಾನೇ ಹೇಳುತ್ತೇನೆ: ದ್ವಾರಗಳಿಗೆ. ಅಂತಿಮ ಪಂದ್ಯಕ್ಕೆ ಮೂರು ಸಾವಿರ ಜನ ಬರುತ್ತಾರೆ ಎಂದಿದ್ದೀರಿ. ತೆರೆದಿರುವುದು ಮೂರು ಮೀಟರ್ ಅಗಲದ ಒಂದೇ ದ್ವಾರ, ಇನ್ನೆರಡಕ್ಕೆ ಟಿಕೆಟ್ ತಪ್ಪಿಸುವವರ ಭಯದಿಂದ ಬೀಗ. ಬ್ರಿಟನ್ನಿನ ಮೈದಾನ ಸುರಕ್ಷತಾ ಕೈಪಿಡಿಯ ಲೆಕ್ಕದಲ್ಲಿ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಮಂದಿ ಹಾಯಬಲ್ಲರು, ಮೆಟ್ಟಿಲಿನ ಮೇಲೆ 66. ಪಂದ್ಯ ಮುಗಿದ ಮೇಲೆ ಜನ 8 ನಿಮಿಷದೊಳಗೆ ಹೊರದಾರಿ ಹಿಡಿದಿರಬೇಕು. ನಿಮ್ಮ ದ್ವಾರದಿಂದ ಮೂರು ಸಾವಿರ ಜನ ಹೊರಬರಲು 12 ನಿಮಿಷ ದಾಟುತ್ತದೆ, ಅದೂ ಯಾರೂ ಎಡವದಿದ್ದರೆ, ಬಾಗಿಲಲ್ಲಿ ಶೇಂಗಾದ ಗಾಡಿ ನಿಲ್ಲದಿದ್ದರೆ. ಬೇಕಾದ್ದು ಒಟ್ಟು ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲ. ನಾನು ಯಾವಾಗಲೂ ಒಂದು ದ್ವಾರ ಮುಚ್ಚಿಹೋಗಿದೆ ಎಂದು ಹಿಡಿದೇ ಲೆಕ್ಕ ಹಾಕುತ್ತೇನೆ. ಹಾಗಾಗಿ ಬೇರೆ ಬೇರೆ ಕಡೆಗೆ ತೆರೆಯುವ, ಎರಡೂವರೆ ಮೀಟರ್ ಅಗಲದ ಮೂರು ದ್ವಾರ ಮಾಡಿಸಿ. ಎಲ್ಲವೂ ಹೊರಕ್ಕೆ ತೆರೆಯಬೇಕು, ಪಂದ್ಯ ನಡೆಯುವಷ್ಟು ಹೊತ್ತು ಪ್ರತಿಯೊಂದರಲ್ಲೂ ಒಬ್ಬ ಮನುಷ್ಯ ನಿಂತಿರಬೇಕು.

ಬಹಳ ವರ್ಷಗಳ ಹಿಂದೆ ಒಂದು ತಾಲೂಕು ಕೇಂದ್ರದ ಮೈದಾನಕ್ಕೆ ಇದೇ ಸಲಹೆ ಕೊಟ್ಟಿದ್ದೆ. ದ್ವಾರ ಮಾಡಿಸಿದರು, ಉದ್ಘಾಟನೆಯೂ ಆಯಿತು. ಮುಂದಿನ ಪಂದ್ಯಾವಳಿಗೆ ಹೋದಾಗ ಮೂರರಲ್ಲಿ ಎರಡಕ್ಕೆ ಸರಪಳಿ ಸುತ್ತಿತ್ತು, ಕೀಲಿ ಊರಿಗೆ ಹೋಗಿದ್ದ ಖಜಾಂಚಿಯ ಜೇಬಿನಲ್ಲಿತ್ತು. ಪುಣ್ಯಕ್ಕೆ ಅಂದು ಮಳೆ ಬಂದು ಜನವೇ ಸೇರಲಿಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಫುಟ್‌ಬಾಲ್ ಪಂದ್ಯದ ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಹೊರಗೆ 11 ಮಂದಿ ಸತ್ತದ್ದು ನಮ್ಮೆಲ್ಲರ ಕಣ್ಣೆದುರಿಗೇ ಇದೆ. ಅಲ್ಲಿ ಯಾವ ಗ್ಯಾಲರಿಯೂ ಕುಸಿದಿರಲಿಲ್ಲ.

ಇನ್ನು ಓಟದ ಪಥ. ಇದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. 400 ಮೀಟರಿನ ಎಂಟು ಸಾಲಿನ ಪಥದ ಒಳಗೆ 105ಕ್ಕೆ 68 ಮೀಟರಿನ ಫುಟ್‌ಬಾಲ್ ಅಂಕಣ ಹಾಕಿದರೆ, ಪಕ್ಕದ ಗ್ಯಾಲರಿ ಗೆರೆಯಿಂದ ಸುಮಾರು 12 ಮೀಟರ್ ದೂರ ಸರಿಯುತ್ತದೆ. ಗೋಲಿನ ಹಿಂದೆ ಕುಳಿತವರು ಸುಮಾರು 36 ಮೀಟರ್ ದೂರ ಹೋಗುತ್ತಾರೆ. ಆಟ ಅವರಿಗೆ ಕಾಣುತ್ತದೆ. ಆದರೆ ಬೂಟು ಚೆಂಡಿಗೆ ಬಡಿದ ಸದ್ದು ಕೇಳಿಸದು, ಹಿರಿಯರೊಬ್ಬರು ‘ಲೇ ತಮ್ಮಾ, ಬಲಕ್ಕೆ ನೋಡೋ’ ಎಂದು ಕೂಗಿದ್ದು ಆಟಗಾರನನ್ನು ಮುಟ್ಟದು. ನಿಮ್ಮ ಮೈದಾನದ ಪರಂಪರೆ ಏನೆಂದು ನನ್ನನ್ನು ಕೇಳಿದರೆ ಆ 5 ಮೀಟರನ್ನು ತೋರಿಸುತ್ತೇನೆ. ಗ್ಯಾಲರಿ ಹೋದರೂ ಮತ್ತೆ ಕಟ್ಟಬಹುದು, 5 ಮೀಟರು 12 ಆದ ಮೇಲೆ ಹಿಂದೆ ಬರುವುದಿಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ ತಂಡ 2016ರಲ್ಲಿ ಇಕ್ಕಟ್ಟಾದ ತನ್ನ ಹಳೆಯ ಮೈದಾನ ಬಿಟ್ಟು ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಯಿತು. ಆಸನ ಹೆಚ್ಚಿದವು, ಅಂಕಣ ದೂರವಾಯಿತು. ಅಭಿಮಾನಿಗಳ ಆ ಗೊಣಗಾಟ ಇನ್ನೂ ನಿಂತಿಲ್ಲ. ನಮ್ಮ ಜಿಲ್ಲಾ ಕ್ರೀಡಾಂಗಣಗಳು ಎಲ್ಲ ಆಟಕ್ಕೂ ಇರಲಿ ಎಂದು ಇದೇ ಅಚ್ಚಿನಲ್ಲಿ ಎರಕವಾಗಿವೆ. ನಿಮ್ಮದೊಂದಾದರೂ ಫುಟ್‌ಬಾಲಿಗಾಗಿ ಉಳಿಯಲಿ.

ಪ್ಲಾಸ್ಟಿಕ್ ಕುರ್ಚಿಯ ಬಗ್ಗೆಯೂ ಹೀಗೆಯೇ. ರಿಯೊ ನಗರದ ಮರಕಾನಾದಲ್ಲಿ ಬಡವರು ಅಂಕಣದ ಪಕ್ಕವೇ ನಿಂತು ನೋಡುವ ಅಗ್ಗದ ಜಾಗವೊಂದಿತ್ತು, 2005ರಲ್ಲಿ ಅದನ್ನು ತೆಗೆದರು. ಎಲ್ಲರಿಗೂ ಆಸನ ಬಂತು, ಹಳೆಯ ಜನ ಬರಲಿಲ್ಲ. ನೀವು ಪಶ್ಚಿಮದಲ್ಲಿ ಹೊಸದಾಗಿ ಕಟ್ಟುವ ಕಡೆ ಕುರ್ಚಿ ಹಾಕಿ. ದಿಬ್ಬದ ಕಲ್ಲಿನ ಮೇಲೆ ಬೇಡ. ನಮ್ಮ ಬಿಸಿಲಿಗೆ ಅಗ್ಗದ ಕುರ್ಚಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ಮುರಿದ ಕುರ್ಚಿಯ ಬೋಲ್ಟು ಧೋತರಕ್ಕೂ ತೊಡೆಗೂ ಒಳ್ಳೆಯದಲ್ಲ. ಅಲ್ಲಿನ ಟಿಕೆಟ್ ಬೆಲೆಯನ್ನೂ ಏರಿಸಬೇಡಿ.

ಕೃತಕ ಹುಲ್ಲಿನ ವಿಷಯದಲ್ಲಿ ಹುಡುಗರ ಕಡೆ ಸ್ವಲ್ಪ ನ್ಯಾಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ಅಭ್ಯಾಸ ನಡೆಯುವುದಿಲ್ಲ. ಆದರೆ ಅದು ಎಂಟು ಹತ್ತು ವರ್ಷದಲ್ಲಿ ಸವೆಯುತ್ತದೆ, ಆಗ ಮತ್ತೆ ಅಷ್ಟೇ ಹಣ ಬೇಕು. ಬೇಸಿಗೆಯ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ದಾಟಬಲ್ಲದು. ಅದರ ಮೇಲೆ ಮಂಟಪದ ಗೂಟ ಹೊಡೆಯುವಂತಿಲ್ಲ, ಸಭೆಯ ಕುರ್ಚಿ ಎಳೆಯುವಂತಿಲ್ಲ. ವರ್ಷಕ್ಕೆ ನಾಲ್ಕು ಸಲ ಮೈದಾನವನ್ನು ಸಭೆಗಳಿಗೆ ಬಿಟ್ಟುಕೊಡುವ ಸಮಿತಿ ಅದನ್ನು ಉಳಿಸಿಕೊಳ್ಳಲಾರದು. ನನ್ನ ಸಲಹೆ: ಮುಖ್ಯ ಅಂಕಣದಲ್ಲಿ ನೈಸರ್ಗಿಕ ಹುಲ್ಲೇ ಇರಲಿ. ಮೇಲ್ಪದರ ತೆಗೆದು ಕೆಳಗೆ ಜಲ್ಲಿ ಮತ್ತು ತೂತಿನ ಕೊಳವೆ, ಮೇಲೆ ಮರಳು ಬೆರೆತ ಮಣ್ಣು ಹಾಕಿ. ನಡುವಿನಿಂದ ಅಂಚಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಿ. ನಿಮ್ಮದು ಕೆಂಪು ಮಣ್ಣಿನ ನೆಲ, ನೀರು ಬಿಡುತ್ತದೆ. ವಿಜಯಪುರದ ಎರೆ ಮಣ್ಣಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಉತ್ತರದ ಖಾಲಿ ಜಾಗದಲ್ಲಿ ಐದೈದು ಜನ ಆಡುವ ಸಣ್ಣ ಕೃತಕ ಅಂಕಣ ಮಾಡಿಸಿ ಹುಡುಗರಿಗೆ ಬಿಟ್ಟುಕೊಡಿ. ಮಳೆಗಾಲದಲ್ಲಿ ಅದರ ಬಾಡಿಗೆ ಮೈದಾನದ ಹುಲ್ಲು ಕತ್ತರಿಸುವ ಖರ್ಚು ತರುತ್ತದೆ.

ದೀಪ ಹಾಕಿಸಿ. ನೆಲಕ್ಕೆ ಬೀಳುವ ಬೆಳಕನ್ನು ಅಳೆಯುವ ಲೆಕ್ಕದಲ್ಲಿ ಸ್ಥಳೀಯ ಪಂದ್ಯಕ್ಕೆ 200 ಲಕ್ಸ್, ಅಭ್ಯಾಸಕ್ಕೆ 75 ಸಾಕು, ಟಿವಿಯವರ ಲೆಕ್ಕ ನಿಮಗೆ ಬೇಡ. ಕಂಬಗಳಿಗೆ ಅವುಗಳದೇ ಪಾಯ ಇರಲಿ. ಹಳೆಯ ಗ್ಯಾಲರಿಯ ಬೆನ್ನಿಗೆ ಕಂಬ ಕಟ್ಟಿ ಗಾಳಿಯ ಭಾರವನ್ನೆಲ್ಲ ಅದರ ಮೇಲೆ ಹೊರಿಸಬೇಡಿ. ಹೊಸ ಗ್ಯಾಲರಿಯಡಿ ಅಂಗಡಿ ಮಾಡುವುದಾದರೆ ರಸ್ತೆಯ ಕಡೆ ಮುಖ ಮಾಡಿಸಿ, ದ್ವಾರದ ಅಕ್ಕಪಕ್ಕ ಒಂದನ್ನೂ ಕೊಡಬೇಡಿ. ಇದಕ್ಕೆಲ್ಲ ಮೊದಲು ಜಾಗದ ಒಡೆತನ ಪಾಲಿಕೆಯದೋ ಕ್ಯಾಂಟೋನ್ಮೆಂಟಿನದೋ ನೋಡಿಕೊಳ್ಳಿ. ಪಾಲಿಕೆಯದಾದರೆ, 1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಪಟ್ಟಿಯಲ್ಲಿ ನಿಮ್ಮ ಮೈದಾನ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ನವೀಕರಣದ ನೆಪದಲ್ಲಿ ಮೂಲೆಯ ಜಾಗ ಕೈಬಿಟ್ಟು ಹೋಗುವುದನ್ನು ತಡೆಯಲು ಆ ಪಟ್ಟಿ ನೆರವಾಗುತ್ತದೆ.

ಪರೀಕ್ಷೆ ಮತ್ತು ಚರಂಡಿ ಕೆಲಸವನ್ನು ಏಪ್ರಿಲ್ ಮುಗಿಯುವ ಮೊದಲೇ ಮಾಡಿಸಿ, ಜೂನ್ ಬಂದ ಮೇಲೆ ನಿಮ್ಮ ಊರಿನಲ್ಲಿ ನೆಲ ಅಗೆಯುವುದು ಆಗದ ಮಾತು.

ಕೊನೆಗೆ ಗೋಲ್ ಕಂಬಗಳು. ಚಿತ್ರದಲ್ಲಿ ತೇಗದಂತೆ ಕಾಣುತ್ತವೆ. ನೆಲದ ಮಟ್ಟದಲ್ಲಿ ಚಾಕುವಿನ ತುದಿ ಚುಚ್ಚಿ ನೋಡಿ, ಮರ ಕೊಳೆಯುವುದು ಅಲ್ಲಿಯೇ. ಅರ್ಧ ಇಂಚು ಇಳಿದರೆ ಅಂದೇ ಕಿತ್ತು ಹಾಕಿ. ಮಕ್ಕಳು ಅಡ್ಡಪಟ್ಟಿಗೆ ಜೋತು ಬೀಳದ ಮೈದಾನವನ್ನು ನಾನಿನ್ನೂ ಕಂಡಿಲ್ಲ. ಹೊಸ ಲೋಹದ ಕಂಬಗಳನ್ನು 7.32ಕ್ಕೆ 2.44 ಮೀಟರಿನ ಅಳತೆಯಲ್ಲಿ, ಪಾಯದಲ್ಲಿ ಹೂತು ನಿಲ್ಲಿಸಿ. ಹಳೆಯ ಅಡ್ಡಪಟ್ಟಿಯನ್ನು ಪೆವಿಲಿಯನ್ನಿನ ಜಗುಲಿಯಲ್ಲಿ ಅಡ್ಡಲಾಗಿ ಹಾಕಿ, ಕುಳಿತುಕೊಳ್ಳುವ ಎತ್ತರಕ್ಕೆ. ಬುಡದ ಕೊಳೆತ ಭಾಗ ಕತ್ತರಿಸಿ ತೆಗೆದರೆ ಎರಡು ಕಂಬಗಳಿಂದ ಅದಕ್ಕೆ ನಾಲ್ಕು ಕಾಲು ಆಗುತ್ತದೆ.